ಗೂಡಿಲ್ಲದ ಕುಣಿ

ಮಾರ್ಚ್ 6, 1987. ಶುಕ್ರವಾರ

ಊರಿಗೆ ಬಂದು ಮುಟ್ಟಿದೆ. ಅಫಜಲಪುರ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ನೋಡುವುದಕ್ಕೆ ಏನೂ ಇಲ್ಲ. ಜೋಳ ಕೊಯ್ದು ಮುಗಿದಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಬರೀ ಕಪ್ಪು ನೆಲ, ಅಲ್ಲೊಂದು ಇಲ್ಲೊಂದು ಬೇವಿನ ಗಿಡ, ಮೇಲೆ ಸುಣ್ಣ ಬಳಿದಂಥ ಆಕಾಶ. ಇಷ್ಟು ಬಯಲಿನಲ್ಲಿ ನನಗೆ ಉಸಿರು ಕಟ್ಟುತ್ತದೆ. ಎಂಟು ಮಂಚದ ಹಾಸ್ಟೆಲ್ ರೂಮಿನಲ್ಲಿ ಕಟ್ಟುವುದಿಲ್ಲ.

ಕನ್ನಡದಲ್ಲಿ ಡೈರಿ ಬರೆಯುವುದು ಇದೇ ಮೊದಲು. ಸೊಲ್ಲಾಪುರದ ಹಾಸ್ಟೆಲ್ಲಿನಲ್ಲಿದ್ದಾಗ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ವಾರ್ಡನ್ ತೆಗೆದು ಓದಿ ಸ್ಪೆಲ್ಲಿಂಗ್ ತಿದ್ದಿಡುತ್ತಿದ್ದರು. ಇಲ್ಲಿ ತಿದ್ದುವವರು ಯಾರೂ ಇಲ್ಲ.

ಕೃಷಿ ಕಾಲೇಜಿನ ಮಣ್ಣುಶಾಸ್ತ್ರದ ಇಂಟರ್ನಲ್‌ನಲ್ಲಿ ಫೇಲಾದವರು ಇಬ್ಬರೇ. ಇನ್ನೊಬ್ಬನಿಗೆ ಕಾಮಾಲೆ ಇತ್ತು. ನನಗೆ ಏನೂ ಇರಲಿಲ್ಲ. ಸರ್ ಇಡೀ ಕ್ಲಾಸಿನ ಎದುರು ಹೇಳಿದರು: "ಕಪ್ಪು ಮಣ್ಣಿನ ಮೇಲೇ ಹುಟ್ಟಿದವನು ನೀನು, ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಬರಲಿಲ್ಲ. ನಿಮ್ಮ ಹೊಲದಲ್ಲೇ ಆಳೆತ್ತರದ ಗುಂಡಿ ತೋಡಿಸಿ ಮಣ್ಣಿನ ಪ್ರೊಫೈಲ್ ತೆಗೆ. ಪದರ ಪದರ ನೋಡಿ, ಚಿತ್ರ ಬರೆದು, ಸ್ಯಾಂಪಲ್ ತಾ. ತಂದರೆ ಹಾಲ್‌ಟಿಕೆಟ್ಟಿಗೆ ಸೈನ್ ಹಾಕುತ್ತೇನೆ. ಇಲ್ಲದಿದ್ದರೆ ಮುಂದಿನ ವರ್ಷವೂ ಇದೇ ಬೆಂಚು." ಅಂದಿನಿಂದ ಹುಡುಗರು ನನ್ನನ್ನು ಕಲ್ಯಾಣಪ್ಪ ಅನ್ನುವುದಿಲ್ಲ, ಎರೆಹುಳ ಅನ್ನುತ್ತಾರೆ.

ಅಪ್ಪ ಅಮ್ಮ ಬಳ್ಳಾರಿ ಕಡೆ ಯಾವುದೋ ಕಾಲುವೆಯ ಕ್ಯಾಂಪಿನಲ್ಲಿದ್ದಾರೆ. ಊರಿನ ಮನೆಯಲ್ಲಿ ದೌಲತರಾಯ ಕಾಕಾ, ಸುಂದರಬಾಯಿ ಕಾಕು ಮತ್ತು ಆಯಿ, ಅಂದರೆ ಅಪ್ಪನ ಅಮ್ಮ. ಆಯಿ ಶಿವರಾತ್ರಿಯ ಮರುದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಪಡಸಾಲೆಯಲ್ಲಿ ಮಲಗಿದ್ದಾರೆ. ಮೂಳೆ ಮುರಿದಿಲ್ಲ, ಇನ್ನೆರಡು ವಾರದಲ್ಲಿ ಎದ್ದು ಓಡಾಡುತ್ತಾರೆ ಎಂದು ಗಾಣಗಾಪುರದ ಡಾಕ್ಟರು ಹೇಳಿದ್ದಾರಂತೆ.

ನಾನು ನಮಸ್ಕಾರ ಮಾಡಿ, "ಆಯಿ, ಹೇಗಿದ್ದೀರಿ?" ಅಂದೆ.

"ಹೇಗಿದ್ದೀರಿ!" ಆಯಿ ಕಾಕುವಿನ ಕಡೆ ತಿರುಗಿ ನಕ್ಕರು. "ನೋಡ ಸುಂದರಾ, ತಹಶೀಲ್ದಾರ ಬಂದಾನ ನಮ್ಮನಿಗಿ."

ಕೈಯುಗುರು ಕಚ್ಚಿ ಕಚ್ಚಿ ಮುಗಿದಿವೆ. ವಾಪಸ್ ಹೋಗುವ ಬಸ್ಸು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕೇಳಿಟ್ಟುಕೊಂಡಿದ್ದೇನೆ.

ಮಾರ್ಚ್ 8, ಭಾನುವಾರ

ಗುಂಡಿ ಆಯಿತು! ಇಷ್ಟು ಸುಲಭವಾಗಿ ಆಗುತ್ತದೆ ಅಂದುಕೊಂಡಿರಲಿಲ್ಲ.

ಕಾಕಾ ಜೋಳ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದಾರೆ. ಹೊಲದಲ್ಲಿ ಒಂದು ಗುಂಡಿ ತೋಡಿಸಬೇಕು, ಕಾಲೇಜಿನ ಕೆಲಸ, ಎಂದು ಕಾಕುವಿಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಲೇ "ತೋಡಿಸ್ಕೊ ಮಾರಾಯಾ, ಹೊಲ ಏನ್ ಸವೀತದೇನು" ಅಂದರು. ಚೆನ್ನಾಗಿ ಅಗೆಯುವವರು ಯಾರು ಎಂದು ಚಹಾದ ಅಂಗಡಿಯ ಲಾಡ್ಲೆಸಾಬನನ್ನು ಕೇಳಿದೆ. "ಮಲ್ಲಣ್ಣನಂಗ ಯಾರೂ ತೋಡಂಗಿಲ್ರಿ. ಸೀದಾ, ಸಾಫ್," ಅಂದ.

ಮಲ್ಲಣ್ಣ ತಮ್ಮನನ್ನೂ ಕರೆದುಕೊಂಡು ಗುದ್ದಲಿ ಸಮೇತ ಬಂದ. ಐವತ್ತರ ಮನುಷ್ಯ, ತಲೆಗೆ ಕೆಂಪು ರುಮಾಲು.

"ಎಷ್ಟು ಆಳ್ರಿ?"

"ಆರು ಅಡಿ ಇರಲಿ. ಇಳಿಯುವುದಕ್ಕೆ ಒಂದು ಬದಿ ಮೆಟ್ಟಿಲು ಬೇಕು. ಎದುರಿನ ಗೋಡೆ ಮಾತ್ರ ಪೂರ್ತಿ ನೇರವಾಗಿರಬೇಕು."

"ಗೊತ್ತದ ಬಿಡ್ರಿ. ಎಲ್ಲಿ ತೋಡ್ಲಿ? ಮುತ್ಯಾರ ಗದ್ದಿಗಿ ಬಾಜೂಕೇ?"

ಮುತ್ಯಾ ಅಂದರೆ ನನ್ನ ಅಜ್ಜ, ಅವರ ಗದ್ದಿಗೆ ನಮ್ಮ ಹೊಲದ ಮೂಲೆಯಲ್ಲಿದೆ. ಸುತ್ತ ನೇಗಿಲು ಹಾಯಿಸುವುದಿಲ್ಲ. ಪ್ರೊಫೈಲ್ ತೆಗೆಯಲು ಉಳದ ಜಾಗವೇ ಬೇಕು. "ಅಲ್ಲೇ ಆಗಲಿ," ಅಂದೆ.

"ಯಾವಾಗ ಬೇಕ್ರಿ?"

"ಇವತ್ತೇ. ದಿನ ಕಳೆಯುವ ಹಾಗಿಲ್ಲ."

ಮಲ್ಲಣ್ಣ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ನನ್ನ ಮದುವಿಗಿ ಗೌರಾಬಾಯಾರು ಒಂದು ಚೀಲ ಜ್ವಾಳ ಕೊಟ್ಟಿದ್ರು," ಅಂದ. ಈಗ್ಯಾಕೆ ಆಯಿಯ ಸುದ್ದಿ ಎಂದು ತಿಳಿಯಲಿಲ್ಲ. "ಹೌದೇ?" ಅಂದೆ.

ಸಂಜೆಯೊಳಗೆ ಮುಗಿಸಿದರು. ಗೋಡೆ ಅಂದರೆ ಗೋಡೆ, ಚಾಕುವಿನಿಂದ ಕತ್ತರಿಸಿದ ಹಾಗೆ. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಈ ಕೆಲಸಕ್ಕ ಈಗ ಕೈ ಒಡ್ಡಬಾರ್ದ್ರಿ," ಅಂದು ಗುಂಡಿಗೆ ಕೈಮುಗಿದು ಹೋದ. ಹಳ್ಳಿಯ ಜನ ವಿದ್ಯೆಗೆ ಎಷ್ಟು ಮರ್ಯಾದೆ ಕೊಡುತ್ತಾರೆ! ಹಾಸ್ಟೆಲ್ಲಿನಲ್ಲಿ ಹೇಳಿದರೆ ನಂಬುವುದಿಲ್ಲ.

ನಾಳೆ ಚಿತ್ರ, ನಾಡಿದ್ದು ಸ್ಯಾಂಪಲ್. ಬುಧವಾರದ ಬಸ್ಸು ಸಿಗುತ್ತದೆ.

ಮಾರ್ಚ್ 9, ಸೋಮವಾರ



ಬೆಳಿಗ್ಗೆ ಚಹಾಕ್ಕೆ ಹೋದೆ. ಲಾಡ್ಲೆಸಾಬ ದುಡ್ಡು ಬೇಡವೆಂದ. ಬೆಂಚಿನ ಮೇಲಿದ್ದವರು ಎದ್ದು ಜಾಗ ಕೊಟ್ಟರು. ಲಾಡ್ಲೆಸಾಬ ತಗ್ಗಿದ ದನಿಯಲ್ಲಿ ಕೇಳಿದ: "ಎಷ್ಟೊತ್ತಿಗಿ ಎತ್ತೋದು?"

"ಏನನ್ನು?"

"ಮತ್ತೇನು... ಆಯಿಯವರನ್ನ. ರಾತ್ರಿನೇ ಆತೇನು? ನಮಗ ಅಳೋ ಧ್ವನಿ ಬರ್ಲೇ ಇಲ್ಲ."

ನನಗೆ ಅರ್ಥವಾಗುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅದಕ್ಕೇ ಕುಣಿ, ಅಂದರೆ ಹೂಳುವ ಗುಂಡಿ, ಅಷ್ಟು ಆಳ. ಹೊತ್ತು ಇಳಿಸುವುದಕ್ಕೆ ಒಂದು ಬದಿ ಮೆಟ್ಟಿಲು. ಊರಿನ ಕುಣಿಗಳನ್ನೆಲ್ಲ ತೋಡುವವನು ಮಲ್ಲಣ್ಣ. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿಲ್ಲ. ಮುತ್ಯಾ ತೀರಿಕೊಂಡಾಗ ಪರೀಕ್ಷೆ ಕೆಡಬಾರದೆಂದು ಹಾಸ್ಟೆಲ್ಲಿಗೆ ತಿಳಿಸಲೇ ಇಲ್ಲ. ನಾನು ಒಂದೂ ಕುಣಿ ಕಂಡವನಲ್ಲ.

ಓಡಿ ಮನೆಗೆ ಬಂದೆ. ತಡವಾಗಿತ್ತು. ಪಕ್ಕದ ಮನೆಯ ಹೆಂಗಸು ಅಳುತ್ತ ಒಳಗೆ ಬಂದು, ಆಯಿ ಕುಳಿತು ಅಂಬಲಿ ಕುಡಿಯುವುದನ್ನು ಕಂಡು, ಚೀರಿ, ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಆಯಿ ಅಂಬಲಿಯ ವಾಟಿ ಕೆಳಗಿಟ್ಟರು. "ಗದ್ದಿಗಿ ಬಾಜೂಕೇ ತೋಡಿಸಿದಿ ಏನು?" ಅಂದರು. ದನಿ ಸಾಧಾರಣವಾಗಿಯೇ ಇತ್ತು.

"ಆಯಿ, ಅದು ನಿಮಗಲ್ಲ. ಕಾಲೇಜಿಗೆ. ಮಣ್ಣು ಪರೀಕ್ಷಿಸುವುದಕ್ಕೆ."

"ಮಣ್ಣು ನೋಡ್ಲಿಕ್ಕಿ ಮೆಟ್ಟಲಾ ಯಾಕ ಬೇಕೋ?"

ಇಳಿಯುವುದಕ್ಕೆ ಅಂದೆ. ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ.

ಆಯಿ ವಾಟಿಯನ್ನು ಮತ್ತೆ ಮುಟ್ಟಲಿಲ್ಲ.

ಮಾರ್ಚ್ 10, ಮಂಗಳವಾರ

ಕಾಕಾ ಬಂದರು. ಬಸ್ಸಿನಲ್ಲೇ ಸುದ್ದಿ ಕೇಳಿ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಳುತ್ತಲೇ ಬಂದರು. ಆಯಿ ಕಣ್ಣು ಬಿಟ್ಟು "ಯಾಕೋ, ಜ್ವಾಳಕ್ಕ ರೇಟು ಬರ್ಲಿಲ್ಲೇನು?" ಅಂದರಂತೆ. ಆಮೇಲೆ ಕಾಕಾ ನನ್ನನ್ನು ಹುಡುಕಿಕೊಂಡು ಬಂದರು.

"ಶ್ಯಾಣ್ಯಾ ಆಗ್ಲಿ ಅಂತ ಸಾಲಿಗಿ ಹಾಕಿದ್ರ, ಜೀವ ಇದ್ದಾಕಿಗಿ ಕುಣಿ ತೋಡಿದ್ಯಲ್ಲೋ! ಇಂಗ್ಲೀಷಿನ್ಯಾಗ ಇದನ್ನ ಕಲಸ್ಯಾರೇನು?"

ಈಗಲೇ ಮುಚ್ಚಿಸುತ್ತೇನೆ ಅಂದೆ. ಅವರು ಇನ್ನೂ ಹೌಹಾರಿದರು. ತೋಡಿದ ಕುಣಿಯನ್ನು ಖಾಲಿ ಮುಚ್ಚಬಾರದಂತೆ. ಮುಚ್ಚಿದರೆ ವರ್ಷದೊಳಗೆ ಅದೇ ಮನೆಯಿಂದ ಒಬ್ಬರನ್ನು ಕೇಳುತ್ತದಂತೆ. ತೆರೆದಿಟ್ಟರೂ ಬಾಯಿ ತೆರೆದುಕೊಂಡು ಕಾಯುತ್ತದೆ. ಮುಚ್ಚುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಇದೆಲ್ಲ ಸುಳ್ಳೆಂದು ನನಗೆ ಗೊತ್ತು. ಗೊತ್ತಿದ್ದು ಏನು ಉಪಯೋಗ? ಆಯಿ ಉಣ್ಣುತ್ತಿಲ್ಲ. ಕಾಕು ಕಲಸಿ ತಂದರೆ ಮುಖ ತಿರುಗಿಸುತ್ತಾರೆ. ಸಿಟ್ಟಿಲ್ಲ, ಅಳುವಿಲ್ಲ. "ನಿಮಗ ಜಲ್ದಿ ಅದ ಅಂದ್ಮ್ಯಾಲ ನಾ ಯಾಕ ತಡಾ ಮಾಡ್ಲಿ?" ಅಂದರು.

ಬುಧವಾರದ ಬಸ್ಸು ನನ್ನದಲ್ಲ.

ಮಾರ್ಚ್ 11, ಬುಧವಾರ

ಜೇವರ್ಗಿಯಿಂದ ಅತ್ತೆ ಬಂದರು. ಕಾಕಾನ ಅಕ್ಕ. ಹೆಣಕ್ಕೆ ಹೊದಿಸಲೆಂದು ಹಸಿರು ಇಳಕಲ್ ಸೀರೆ ಒಂದು, ಸೇವಂತಿಗೆ ಮಾಲೆ ಒಂದು, ಬಾಯಲ್ಲಿ ಅಳು. ಆಯಿ ಬದುಕಿರುವುದನ್ನು ನೋಡಿ ಅಳು ನಿಲ್ಲಿಸಿದರು, ಆದರೆ ಮಾಲೆ ಎಲ್ಲಿ ಇಡುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಚಹಾ ಕುಡಿದರು. ಕೊನೆಗೆ ದೇವರ ಜಗುಲಿಗೆ ಏರಿಸಿದರು.

ಬಾಳೆಯ ಕಂದನ್ನು ಹೆಣದ ಹಾಗೆ ಕೂರಿಸಿ ಕುಣಿ ಮುಚ್ಚಿದರೆ ದೋಷವಿಲ್ಲ ಎಂದು ಅತ್ತೆ ಪಡಸಾಲೆಯ ಮೂಲೆಯಲ್ಲಿ ಪಿಸುಗುಟ್ಟಿದರು. ಆಯಿಗೆ ಕಿವಿ ಚುರುಕು.

"ನನ್ನ ಬದ್ಲಿ ಬಾಳಿ ಕಂದು ಕುಂಡ್ರಸ್ತೀರಿ? ಅಷ್ಟ ಹಗುರ ಆದ್ನೇನಬೇ ನಾ?"

ಅಲ್ಲಿಗೆ ಆ ಮಾತು ಮುಗಿಯಿತು.

ನಾನು ಮನೆಯಲ್ಲಿ ಎಲ್ಲಿ ಕೂತರೂ ಯಾರೋ ನೋಡುತ್ತಾರೆ. ಗೋಡೆಯಲ್ಲಿ ಒಂದು ಬಿರುಕು ಇದೆ, ಮಾಳಿಗೆಯಿಂದ ನೆಲದವರೆಗೆ. ಬೇಸಿಗೆಗೆ ಅಗಲಾಗುತ್ತದೆ, ಮಳೆಗಾಲಕ್ಕೆ ಕೂಡಿಕೊಳ್ಳುತ್ತದೆ, ಪ್ರತಿವರ್ಷ ಹೀಗೇ ಅಂತ ಕಾಕು. ಬೇರೇನೂ ನೋಡಲಾಗದೆ ಅದನ್ನೇ ನೋಡಿಕೊಂಡು ಕೂರುತ್ತೇನೆ.

ಮಾರ್ಚ್ 13, ಶುಕ್ರವಾರ

ನಾಚಿಕೆಗೆಟ್ಟು ಹೊಲಕ್ಕೆ ಹೋದೆ. ಹೇಗೂ ಕುಣಿ ತೆರೆದೇ ಇದೆ, ಕೆಲಸವಾದರೂ ಆಗಲಿ ಎಂದು. ದಾರಿಯಲ್ಲಿ ಸಿಕ್ಕವರು ಮಾತಾಡಿಸಲಿಲ್ಲ.

ಹನ್ನೊಂದಕ್ಕೇ ನೆಲದಿಂದ ಬಿಸಿ ಹಬೆ ಏಳುತ್ತದೆ. ಹೊಲದ ತುಂಬ ಬಿರುಕು. ಒಂದರೊಳಗೆ ತೊಗರಿ ಕಟ್ಟಿಗೆ ಇಳಿಬಿಟ್ಟೆ, ಕೈ ಮುಟ್ಟುವವರೆಗೂ ಇಳಿಯಿತು. ಕೈ ಬಿಟ್ಟೆ, ಅದೂ ಹೋಯಿತು.

ಕುಣಿಯೊಳಗೆ ತಂಪು. ಮೇಲಿನ ಒಂದು ಗೇಣು ಪುಡಿ ಪುಡಿ, ಬೆರಳಲ್ಲಿ ಹಿಡಿದರೆ ಸಾಸಿವೆಯ ಹಾಗೆ ಉದುರುತ್ತದೆ. ಅದರ ಕೆಳಗೆ ಇಟ್ಟಿಗೆಯಂಥ ಗಟ್ಟಿ ಹೆಂಟೆ. ಇನ್ನೂ ಕೆಳಗೆ ಮಣ್ಣು ಹಸಿ, ಓರೆಯಾಗಿ ಒಂದರ ಮೇಲೊಂದು ಜಾರಿ ನಿಂತ ಹಲ್ಲೆಗಳು, ಚಪ್ಪಟೆ ಮಣ್ಣಿನ ತುಂಡುಗಳು. ಒಂದನ್ನು ಎಬ್ಬಿಸಿದರೆ ಅದರ ಮೈ ಎಣ್ಣೆ ಹಚ್ಚಿ ತಿಕ್ಕಿದ ಹಾಗೆ ಹೊಳೆಯುತ್ತದೆ. ಸರ್ ಇದನ್ನು ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬಲು ಜಾಗ ಸಾಲದೆ ಒಳಗೊಳಗೇ ಒಂದನ್ನೊಂದು ನೂಕುತ್ತದೆ. ಹಾಗೆ ತಿಕ್ಕಿ ತಿಕ್ಕಿ ಬಂದ ಹೊಳಪು ಇದು. ಬೇಸಿಗೆಯಲ್ಲಿ ಮೇಲಿನ ಪುಡಿ ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಕೆಳಗಿನದು ಮೇಲೆ ಬರುತ್ತದೆ. ನಾಲ್ಕು ತಿಂಗಳ ಮಳೆ, ಎಂಟು ತಿಂಗಳ ಒಣಗು. ಯಾರೂ ಉಳದಿದ್ದರೂ ತನ್ನನ್ನು ತಾನೇ ಉಳುತ್ತಿರುವ ಮಣ್ಣು. ಉಳದ ಜಾಗ, ಕದಡದ ಮಣ್ಣು ಎಂದು ಗದ್ದಿಗೆಯ ಪಕ್ಕ ಹುಡುಕಿಕೊಂಡು ಬಂದೆನಲ್ಲ, ಇದಕ್ಕೆ ಕದಡದ ಜಾಗವೇ ಇಲ್ಲ.

ಸೊಂಟದಾಳದಲ್ಲಿ ಒಂದು ಬಳೆಚೂರು ಸಿಕ್ಕಿತು. ಕೆಂಪು ಗಾಜು. ಯಾವಾಗಲೋ ಬಿರುಕಿನಲ್ಲಿ ಬಿದ್ದದ್ದು. ಆಯಿಗೆ ತೋರಿಸಿದರೆ ಮನಸ್ಸು ಬೇರೆ ಕಡೆ ಹೋದೀತು ಎಂದು ತಂದೆ. ಇದು ನಿಮ್ಮದೇ ಇರಬಹುದೇ ಅಂದೆ.

ಆಯಿ ನೋಡಿದರು. "ನನ್ನದಲ್ಲ. ನಾ ಹಸಿರ ಬಳಿ ಬಿಟ್ಟು ಬ್ಯಾರೆ ಇಟ್ಟಾಕಿ ಅಲ್ಲ." ಮತ್ತೆ ಕಣ್ಣು ಮುಚ್ಚಿದರು.

ತುಟಿ ಒಣಗಿ ಸಿಪ್ಪೆ ಎದ್ದಿದೆ. ಡಾಕ್ಟರು ಬಂದು ಹೋದರು. ಸೊಂಟಕ್ಕೆ ಏನೂ ಆಗಿಲ್ಲ, ಹೀಗೇ ಹೊಟ್ಟೆಗೆ ಏನೂ ಬೀಳದಿದ್ದರೆ ತಾನು ಏನೂ ಹೇಳಲಾರೆ ಅಂದರು.

ಮಾರ್ಚ್ 14, ಶನಿವಾರ

ಬೆಳಿಗ್ಗೆ ಆಯಿ ನೀರನ್ನೂ ಬೇಡವೆಂದರು.

ಕಾಕು ಹಿತ್ತಲಲ್ಲಿ ಕೂತು ಅಳುತ್ತಿದ್ದರು. ನನ್ನನ್ನು ನೋಡಿ, "ಆಕೀನೂ ಉಣ್ಣಂಗಿಲ್ಲ, ನೀನೂ ಉಣ್ಣಂಗಿಲ್ಲ. ಯಾರಿಗಂತ ಒಲಿ ಹಚ್ಲಿ ನಾ?" ಅಂದರು. ನಾನು ಉಂಡಿಲ್ಲವೆಂಬುದು ಆಗ ಗೊತ್ತಾಯಿತು.

ಪಡಸಾಲೆಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಯೋಚಿಸಿ ಆಡಿದ ಮಾತಲ್ಲ, ಬಂದುಬಿಟ್ಟಿತು.

"ಆಯಿ, ನಾಳೆ ಕುಣಿ ಮುಚ್ಚಿಸ್ತೇನಿ. ರೆಕಾರ್ಡು ಬ್ಯಾಡ, ಏನೂ ಬ್ಯಾಡ. ಮುಂದಿನ ವರ್ಷ ಮತ್ತ ಅದೇ ಬೆಂಚಿನ ಮ್ಯಾಲ ಕೂಡ್ತೇನಿ, ಏನಾಗ್ತದ. ಖಾಲಿ ಮುಚ್ಚಿದ್ರ ಮನಿಯಿಂದ ಒಬ್ಬರನ್ನ ಕೇಳ್ತದ ಅಂತಾರಲ್ಲ, ಕೇಳ್ಲಿ. ತೋಡಿಸಿದಾಂವ ನಾ. ನನ್ನೇ ಕೇಳ್ಲಿ."

ಆಯಿ ಕೈ ಎತ್ತಿ ಹೊಡೆದರು. ಕೆನ್ನೆಗೆ ಗುರಿಯಿಟ್ಟದ್ದು ಭುಜಕ್ಕೆ ತಾಗಿತು, ಅಷ್ಟೂ ಬಲವಿರಲಿಲ್ಲ. "ಥೂ! ನಿನ ಬಾಯಾಗ ಮಣ್ಣ ಹಾಕ್ಲಿ," ಅಂದರು. ಹಾಗೆ ನನ್ನನ್ನೇ ನೋಡುತ್ತ ಬಹಳ ಹೊತ್ತು ಮಲಗಿದ್ದರು.

ಆಮೇಲೆ ಕಾಕಾನನ್ನು ಕರೆದು ಹೇಳಿದರು: "ನಾಳಿ ಬಂಡಿ ಹೂಡು. ನಾ ಹೊಲಕ್ಕ ಹೋಗ್ತೇನಿ."

ಮಾರ್ಚ್ 15, ಭಾನುವಾರ. ಹುಣ್ಣಿಮೆ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಬಂಡಿಯಲ್ಲಿ ಗಾದಿ ಹಾಸಿ ಆಯಿಯನ್ನು ಮಲಗಿಸಿದೆವು. ಊರಲ್ಲಿ ಹೋಳಿಯ ಹಲಗೆ ಬಡಿಯುತ್ತಿದ್ದ ಹುಡುಗರು ಬಂಡಿ ಕಂಡು ನಿಲ್ಲಿಸಿದರು. ಕಾಕಾ ಎತ್ತು ಹೊಡೆಯುತ್ತಿದ್ದರು. ಅತ್ತೆ, ಕಾಕು ಹಿಂದೆ ನಡೆದು ಬಂದರು. ಬರಬೇಡಿ ಅಂದರೂ ಲಾಡ್ಲೆಸಾಬ ಅಂಗಡಿ ಮುಚ್ಚಿ ಬಂದ. ಹೊಲದಲ್ಲಿ ಮಲ್ಲಣ್ಣ ತಪ್ಪು ಮಾಡಿದವನ ಹಾಗೆ ದೂರ ನಿಂತಿದ್ದ. ಕಾಕಾ ಅವನಿಗೆ ಹೇಳಿ ಕಳಿಸಿದ್ದರು.

"ಒಳಗ ಇಳಸ್ರಿ ನನ್ನ," ಅಂದರು ಆಯಿ.

ಯಾರೂ ಮುಂದೆ ಬರಲಿಲ್ಲ. ಜೀವ ಇದ್ದವರನ್ನು ಕುಣಿಯೊಳಗೆ ಹೇಗೆ ಇಳಿಸುವುದು? ನಾನು ಎತ್ತಿಕೊಂಡೆ. ಒಂದು ಜೋಳದ ದಂಟಿನ ಹೊರೆಯಷ್ಟೂ ತೂಕವಿಲ್ಲ. ಒಂದೊಂದೇ ಮೆಟ್ಟಿಲು ಇಳಿದೆ. "ಸಾವಕಾಶ. ಇಬ್ಬರೂ ಬೀಳೋದು ಬ್ಯಾಡ," ಅಂದಳು ಆಯಿ ಕಿವಿಯ ಹತ್ತಿರ.

ತಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಆಯಿ ಸುತ್ತ ನೋಡಿದಳು. ಅಂಗೈಯನ್ನು ಗೋಡೆಗೆ ಇಟ್ಟಳು.

"ತಣ್ಣಗದ."

"ಕೆಳಗ ಇನ್ನೂ ಮಳಿಗಾಲದ ಹಸಿ ಅದ ಆಯಿ. ಹಿಂಗಾರಿ ಜೋಳ ಇದರ ಮ್ಯಾಲೇ ಬದುಕ್ತದ. ನೋಡು, ಇಲ್ಲೀ ತನಕ ಬೇರು ಬಂದಾವ."

"ಇದು ಏನು, ಬೆಳ್ಳಗ?"

"ಸುಣ್ಣದ ಹರಳು."

"ಇದನ್ನ ಓದ್ಲಿಕ್ಕೇ ಕುಣಿ ತೋಡಿಸಿದಿ?"

"ಹೂಂ."

"ಹುಚ್ಚ ಸಾಲಿ ಬಿಡು," ಅಂದಳು. ನಂತರ ತಲೆಯೆತ್ತಿ, ಮೇಲೆ ಸಾಲಾಗಿ ನಿಂತಿದ್ದವರ ಕಡೆ ನೋಡಿ ದನಿ ಏರಿಸಿದಳು. ಆ ದನಿ ಎಲ್ಲಿಂದ ಬಂತೋ.

"ಮಲ್ಲ್ಯಾ! ಗೂಡು ಎಲ್ಲಿ?"

ನಮ್ಮವರ ಕುಣಿಯಲ್ಲಿ ಮೆಟ್ಟಿಲಿನ ಎದುರಿನ ಗೋಡೆಯನ್ನು ಕೊರೆದು ಗೂಡು ಮಾಡುತ್ತಾರಂತೆ. ಸತ್ತವರನ್ನು ಕೂರಿಸುವುದು ಅದರೊಳಗೆ. ನನ್ನ ಪ್ರೊಫೈಲಿನ ಗೋಡೆ ಸಪಾಟಾಗಿತ್ತು.

ಮಲ್ಲಣ್ಣ ಕಾಕಾನ ಮುಖ ನೋಡಿದ. ಕಾಕಾ ನೆಲ ನೋಡಿದರು.

"ತೋಡಿಲ್ರಿ ಅವ್ವಾರ," ಅಂದ ಮಲ್ಲಣ್ಣ.

"ಯಾಕ ತೋಡಿಲ್ಲ?"

ಅವನು ನನ್ನ ಕಡೆ ನೋಡಿದ. "ಸಣ್ಣ ಸಾಹೇಬ್ರು ಹೇಳಿಲ್ರಿ."

"ಹಾಂಗಂದ್ರ ಇದು ಕುಣಿ ಹ್ಯಾಂಗಾತೋ? ಗೂಡಿಲ್ದಲ್ಲಿ ನಮ್ಮ ಮಂದಿ ಕುಂಡ್ರತಾರೇನು? ದೌಲತ್ಯಾ, ನೀ ಹೇಳು. ಇಷ್ಟು ಮಂದಿ ಕಣ್ಣಿದ್ದವರು ಬಂದು ನೋಡೀರಿ, ಒಬ್ಬರಿಗರ ಕಾಣಬಾರ್ದೇನು? ಇದು ಬರೀ ತೆಗ್ಗು. ಹುಡುಗ ಸಾಲಿಗಂತ ತೋಡ್ಯಾನ. ಮುಚ್ಚಿದ್ರೂ ದ್ವಾಷ ಇಲ್ಲ, ತೆರದಿಟ್ರೂ ದ್ವಾಷ ಇಲ್ಲ."

ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. "ಹೌದ್ ನೋಡು, ಗೂಡೇ ಇಲ್ಲ," ಅಂದರು ಅತ್ತೆ. "ಗೂಡಿಲ್ಲಂದ್ರ ಕುಣಿ ಅಲ್ಲ," ಅಂದರು ಕಾಕಾ. "ಸಹೀ ಬಾತ್," ಅಂದ ಲಾಡ್ಲೆಸಾಬ, ಅವನಿಗೂ ನಮ್ಮ ಕುಣಿಗೂ ಸಂಬಂಧವಿಲ್ಲದಿದ್ದರೂ. ಇಷ್ಟು ಸರಳವಾದದ್ದು ಇವರಿಗೆ ಒಂದು ವಾರ ಹೊಳೆಯಲಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಮನೆಗೆ ಬಂದ ಮೇಲೆ ಆಯಿ ಹಾಲಿನಲ್ಲಿ ಕಲಸಿದ ಅರ್ಧ ರೊಟ್ಟಿ ತಿಂದಳು. ಕಾಕು ಉಣಿಸುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಪ್ರತಿ ತುತ್ತನ್ನೂ ನೋಡುತ್ತಿದ್ದೆ. "ದೃಷ್ಟಿ ಹಾಕಬ್ಯಾಡೋ, ನೀನೂ ಉಣ್ಣು," ಅಂದಳು.

ಕೈಬೆರಳ ತುದಿಗಳೆಲ್ಲ ಕಪ್ಪಾಗಿವೆ. ಉಗುರು ಬಾಯಿಗೆ ಹಾಕಿದರೆ ಮಣ್ಣು.

ಮಾರ್ಚ್ 18, ಬುಧವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಕೆಲಸ ಇತ್ತು. ಅತ್ತೆ ಜೇವರ್ಗಿಗೆ ಹೋದರು. ಹಸಿರು ಸೀರೆಯನ್ನು ವಾಪಸ್ ಒಯ್ಯುವುದು ಸರಿಯಲ್ಲವೆಂದು ಕಾಕುವಿಗೆ ಕೊಟ್ಟರು, ಕಾಕು ಮುಟ್ಟಲಿಲ್ಲ, ಆಯಿಯೇ "ಛಲೋ ಸೀರಿ, ಯಾಕ ಬಿಡ್ತಿ" ಎಂದು ಇಟ್ಟುಕೊಂಡಳು. ಊರಿನ ಹುಡುಗರು ಸಾಲಿ ಕುಣಿ ನೋಡಲು ಬರುತ್ತಾರೆ. ಒಬ್ಬ ನನ್ನ ಟೇಪು ಹಿಡಿಯುತ್ತೇನೆಂದು ಜಗಳವಾಡಿದ. ಚಿತ್ರ ಮುಗಿಯಿತು. ಆ ಹೊಳಪನ್ನು ಪೆನ್ಸಿಲಿನಲ್ಲಿ ತರುವುದು ಹೇಗೆ ಎಂದು ನಾಲ್ಕು ಹಾಳೆ ಹಾಳು ಮಾಡಿದೆ.

ಇವತ್ತು ನಡುವಿನ ಪದರದ ಸ್ಯಾಂಪಲ್ಲಿಗಾಗಿ ಗೋಡೆಯಲ್ಲಿ ಒಂದು ಡಬ್ಬದಷ್ಟು ಅಗಲ ಕೊರೆದೆ. ಮೊಳಕೈವರೆಗೆ ಒಳಗೆ ಹೋಗುವಷ್ಟರಲ್ಲಿ ಮೇಲಿನ ಹಲ್ಲೆ ಜಾರಿತು. ಅದರ ಹಿಂದೆ ಇನ್ನೊಂದು. ಕೈ ಎಳೆದುಕೊಳ್ಳುವಷ್ಟರಲ್ಲಿ ಒಂದು ಬುಟ್ಟಿ ಮಣ್ಣು ಕಾಲ ಮೇಲೆ. ಬೇರೆ ಕಡೆ ಕೊರೆದೆ. ಅಲ್ಲೂ ಹಾಗೇ. ಆ ಹೊಳೆಯುವ ಮೈಗಳಿವೆಯಲ್ಲ, ಒಂದಕ್ಕೊಂದು ಹಿಡಿತವೇ ಇಲ್ಲ. ಈ ಮಣ್ಣಿನಲ್ಲಿ ಅಡ್ಡಕ್ಕೆ ಕೊರೆದದ್ದು ಯಾವುದೂ ನಿಲ್ಲುವುದಿಲ್ಲ.

ಕುಣಿಯ ತಳದಲ್ಲಿ ಹಾಗೇ ಕೂತುಬಿಟ್ಟೆ.

ಮನೆಗೆ ಬಂದು ಕಾಕುವನ್ನು ಕೇಳಿದೆ. ಕಾಕು ರೊಟ್ಟಿ ಬಡಿಯುತ್ತಿದ್ದರು.

"ಕಾಕು, ಮುತ್ಯಾನ ಕುಣಿಗಿ ಗೂಡು ಇತ್ತೇನು?"

"ಈ ಕರಿ ಎರಿ ಮಣ್ಣಿನ ಹೊಲದಾಗ ಗೂಡು ಎಲ್ಲಿ ನಿಲ್ತದೋ? ಊರ ಸ್ಮಶಾನ ಗರಸಿನ ದಿನ್ನಿ ಮ್ಯಾಲದ, ಅಲ್ಲಿ ಗೂಡು ಕೊರೀತಾರ. ಎರ್ಯಾಗ ಮಣ್ಣು ಕೊಟ್ರ ನಡುವ ಕುಂಡ್ರಸೋದೇ. ನಿಮ್ಮ ಮುತ್ಯಾಗೂ ಹಾಂಗೇ ಮಾಡೀವಿ. ನಾ ಅಲ್ಲೇ ನಿಂತಿದ್ದೆ, ನಿಮ್ಮ ಆಯಿ ನನ್ನ ಕೈ ಹಿಡ್ಕೊಂಡಿದ್ಲು."

"ಅಂದ್ರ ಆಯಿಗಿ ಗೊತ್ತಿತ್ತು."

"ಎಲ್ಲಾರಿಗೂ ಗೊತ್ತಿತ್ತು."

"ಕಾಕಾಗ?"

"ನಿಮ್ಮ ಕಾಕಾಗ, ಮಲ್ಲಣ್ಣಗ, ಜೇವರ್ಗಿ ಅತ್ತಿಗಿ. ಆ ಲಾಡ್ಲೆಸಾಬಗೂ ಗೊತ್ತದ, ಮುತ್ಯಾನ ಮಣ್ಣಿಗಿ ಬಂದಿದ್ದ." ಕಾಕು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು. "ನಿನ್ನೊಬ್ಬಗೇ ಗೊತ್ತಿದ್ದಿಲ್ಲ. ಈಗ ಗೊತ್ತಾತಲ್ಲ, ಬಾಯಿ ಮುಚ್ಕೊಂಡು ರೊಟ್ಟಿ ತಿನ್ನು."

ತಿಂದೆ.

ಮಾರ್ಚ್ 20, ಶುಕ್ರವಾರ

ಸ್ಯಾಂಪಲ್ ಚೀಲಗಳು ಕಟ್ಟಿಯಾದವು. ಇವತ್ತು ಮುಚ್ಚಿದೆವು.

ಹೊರಡುವ ಮೊದಲು ಆಯಿ ಕರೆದಳು. ಈಗ ಗೋಡೆ ಹಿಡಿದು ಬಚ್ಚಲವರೆಗೆ ನಡೆಯುತ್ತಾಳೆ. ಕಾಕು ಬಾವಿಗೆ ಹೋಗಿದ್ದರು. ಆಯಿ ಗಾದಿಯ ಹಿಂದಿನಿಂದ ಒಂದು ಗಂಟು ಎಳೆದು ನನ್ನ ಕಡೆ ನೂಕಿದಳು. ತಾನು ಉಟ್ಟು ಸವೆದ ನೀಲಿ ಸೀರೆ, ಬಿಗಿಯಾಗಿ ಸುತ್ತಿದ್ದಳು. ಎತ್ತಲು ಹೋದರೆ ಕೈ ಜಗ್ಗಿತು. ಒಳಗೆ ಹಳೆಯ ಒರಳಿನ ಗುಂಡು.

"ತಳಕ್ಕ ಇಡು. ಮ್ಯಾಲ ಒಗೀಬ್ಯಾಡ, ಇಳದು ಇಡು."

"ಆಯಿ, ಅದು ಕುಣಿ ಅಲ್ಲಂತ ನೀನೇ ಹೇಳಿದ್ಯಲ್ಲ."

"ಹೌದು. ಅಲ್ಲ."

"ಮತ್ತ ಇದು?"

"ಒರಳು ಒಡದದ, ಬರೀ ಗುಂಡು ಇಟ್ಕೊಂಡು ಏನ್ ಮಾಡ್ಲಿ? ಓದಿದಾಂವ ಇದ್ದಿ, ಅಷ್ಟು ಕೇಳಬ್ಯಾಡ. ಒಯ್ಯಿ."

ಮಲ್ಲಣ್ಣ, ಅವನ ತಮ್ಮ, ಕಾಕಾ, ನಾನು. ನಾನು ಗಂಟು ಹೊತ್ತು ಮೆಟ್ಟಿಲು ಇಳಿಯುವಾಗ ಮೂವರೂ ನೋಡಿದರು. ಏನದು ಎಂದು ಯಾರೂ ಕೇಳಲಿಲ್ಲ. ಕಾಕಾ ಟೋಪಿ ತೆಗೆದರು. ಎದುರಿನ ಗೋಡೆಯ ಬುಡದಲ್ಲಿ, ಆಯಿ ಕೂತಿದ್ದ ಕಡೆಗೇ, ಗಂಟನ್ನು ನೆಟ್ಟಗೆ ಕೂರಿಸಿದೆ. ಒರಗಿಕೊಂಡು ನಿಂತಿತು. ಮೇಲೆ ಬಂದು ಮೊದಲ ಬುಟ್ಟಿ ನಾನೇ ಹಾಕಿದೆ.

ತೆಗೆದ ಮಣ್ಣೆಲ್ಲ ವಾಪಸ್ ಹಿಡಿಸಲಿಲ್ಲ. ಒಣಗಿದ ಹೆಂಟೆಗಳ ನಡುವೆ ಸಂದು ಜಾಸ್ತಿ. ತುಳಿದು ತುಳಿದು ಸಾಕಾಯಿತು, ಆದರೂ ಗದ್ದಿಗೆಯ ಪಕ್ಕ ಒಂದು ದಿಬ್ಬ ಉಳಿಯಿತು. "ಇರಲಿ ಬಿಡು," ಅಂದರು ಕಾಕಾ. "ಎರಡು ಮಳಿ ಬಂದ್ರ ತಾನೇ ಇಳೀತದ." ಮಲ್ಲಣ್ಣ ಈ ಸಲ ಕೂಲಿ ತೆಗೆದುಕೊಂಡ. ಎರಡೂ ದಿನದ್ದು.

ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆಯಿ ಗಂಗಾಳದ ಮುಂದೆ ಕೂತಿದ್ದಳು.

"ಮುಚ್ಚಿದ್ಯಾ?"

"ಮುಚ್ಚಿದೆ."

"ಇಳದು ಇಟ್ಟಿ?"

"ಕುಂಡ್ರಸಿ ಬಂದೇನಿ."

ಆಯಿ ತಲೆಯಾಡಿಸಿದಳು. ಒಲೆಯ ಕಡೆ ತಿರುಗಿ, "ಸುಂದರಾ, ಇನ್ನೊಂದು ಬಿಸಿ ರೊಟ್ಟಿ ಹಾಕು," ಅಂದಳು.